ರೋಮನ್ನರ ಹಗ್ಗದಲ್ಲಿ ಭಂಗಿ ಗಿಡದ ನಾರು ಎಷ್ಟಿತ್ತು?

ಪ್ರಶ್ನೆ: ಪ್ರಾಚೀನ ರೋಮಿನಲ್ಲಿ ಹಡಗಿನ ಹಾಯಿ, ಸೈನಿಕರ ಉಡುಪು, ಹಗ್ಗ ಎಲ್ಲವೂ ಹೆಂಪ್ ನಾರಿನವೇ ಆಗಿದ್ದವು, ಆ ಗಿಡ ಇಲ್ಲದಿದ್ದರೆ ರೋಮ್ ಸಾಮ್ರಾಜ್ಯವೇ ಇರುತ್ತಿರಲಿಲ್ಲ ಎಂದು ಒಂದು ವಿಡಿಯೊದಲ್ಲಿ ಕೇಳಿದೆ. ಇದು ನಿಜವೇ? ಹೆಂಪ್ ಎಂದರೆ ನಮ್ಮ ಹೊಲದ ಸಣಬೋ, ಗಾಂಜಾ ಗಿಡವೋ? ಗಾಂಜಾ ಆದರೆ ಅದರ ಅಮಲು ಅವರಿಗೆ ಗೊತ್ತಿತ್ತೇ?

ಉತ್ತರ: ಹಗ್ಗದ ಮಾತು ನಿಜ, ಅದರಲ್ಲೂ ಒಂದು ಷರತ್ತಿದೆ. ಬಟ್ಟೆಯ ಮಾತು ಅರ್ಧ ನಿಜ. ಹಾಯಿಯದು ಮಾತ್ರ ವಿಡಿಯೊ ಮಾಡಿದವರ ಉತ್ಸಾಹ. ಜವಳಿ ನಾರುಗಳ ಬಗ್ಗೆ ಪಾಠ ಮಾಡುವವನಾದ್ದರಿಂದ ಈ ಪ್ರಶ್ನೆ ನನಗೆ ಆಗಾಗ ಬರುತ್ತದೆ. ಈ ಸಲ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಗಿಡದ ಗುರುತು. ಹಸಿರೆಲೆ ಗೊಬ್ಬರಕ್ಕೆಂದು ನಮ್ಮ ರೈತರು ಬಿತ್ತುವ ಹಳದಿ ಹೂವಿನ ಸಣಬು ಅವರೆ, ತೊಗರಿಗಳ ಬಳಗದ್ದು. ಗೋಣಿಚೀಲದ ಸೆಣಬು ಬಂಗಾಳದ ಕಡೆ ಬೆಳೆಯುವ ಬೇರೆಯೇ ಗಿಡ. ಪುಂಡಿ ನಾರು ದಾಸವಾಳದ ಸಂಬಂಧಿಯಿಂದ ಬರುತ್ತದೆ. ರೋಮನ್ನರದು ಇವು ಯಾವುದೂ ಅಲ್ಲ, ಭಂಗಿ ಗಿಡವೇ. ಗಾಂಜಾ ಬರುವ ಜಾತಿಯದೇ, ಆದರೆ ನಾರಿಗಾಗಿ ಬೆಳೆಸುತ್ತಿದ್ದ, ಆಳೆತ್ತರ ಮೀರಿ ಬೆಳೆಯುವ ತಳಿ. ಮುಂದೆ ಹೆಂಪ್ ಎಂದಾಗಲೆಲ್ಲ ಇದೇ ಎಂದು ತಿಳಿಯಿರಿ.

ಇನ್ನು ಹಗ್ಗ. ರೋಮಿನಲ್ಲಿ ಹಗ್ಗವೆಂದರೆ ಒಂದೇ ನಾರು ಎಂದು ಇರಲಿಲ್ಲ. ಹೆಂಪ್ ಇತ್ತು, ಅಗಸೆ ನಾರಿತ್ತು (ಲಿನನ್ ಬಟ್ಟೆ ಬರುವುದು ಇದರಿಂದ), ತೊಗಲಿತ್ತು, ಜೊಂಡು, ತಾಳೆಗರಿಗಳೂ ಇದ್ದವು. ಇವೆಲ್ಲಕ್ಕಿಂತ ದೊಡ್ಡ ಪೈಪೋಟಿಗಾರ ಸ್ಪೇನಿನ ಎಸ್ಪಾರ್ಟೊ ಹುಲ್ಲು. ನೈಸರ್ಗಿಕ ಇತಿಹಾಸವನ್ನು ಬರೆದ ಹಿರಿಯ ಪ್ಲಿನಿ (ಕ್ರಿ.ಶ. 79ರಲ್ಲಿ ವೆಸೂವಿಯಸ್ ಸ್ಫೋಟದಲ್ಲಿ ಸತ್ತವನು ಇವನೇ) ಈ ಎರಡರ ನಡುವೆ ಒಂದು ಗೆರೆ ಎಳೆದಿದ್ದಾನೆ. ನೀರಿನಲ್ಲಿ, ಅದರಲ್ಲೂ ಸಮುದ್ರದಲ್ಲಿ, ಎಸ್ಪಾರ್ಟೊವನ್ನು ಮೀರಿಸುವುದು ಇಲ್ಲ. ಒಣ ನೆಲದ ಕೆಲಸಕ್ಕೆ ಜನ ಹೆಂಪ್ ಹಗ್ಗವನ್ನೇ ಹೆಚ್ಚು ಬಯಸುತ್ತಾರೆ ಎನ್ನುತ್ತಾನೆ. ನಾನು ಹೇಳಿದ ಷರತ್ತು ಇದೇ. ರೋಮ್ ನೌಕಾಬಲವನ್ನು ಹೆಂಪ್ ಹೊತ್ತಿತ್ತು ಎನ್ನುವವರು ಈ ಮಾತನ್ನು ಓದಿರುವುದಿಲ್ಲ, ಓದಿದ್ದರೂ ಬಿಟ್ಟಿರುತ್ತಾರೆ.

ಎಸ್ಪಾರ್ಟೊ ಇಂದಿನ ಕಾರ್ಟಹೇನಾ ಪಟ್ಟಣದ ಸುತ್ತ ಒಣ ನೆಲದಲ್ಲಿ ತಾನಾಗಿ ಬೆಳೆಯುವ ಗಡಸು ಹುಲ್ಲು. ಕಡಲಿನಿಂದ ಒಳಕ್ಕೆ 30 ಮೈಲಿ, ಉದ್ದಕ್ಕೆ 100 ಮೈಲಿಗೂ ಕಡಿಮೆ, ಅಷ್ಟೇ ಅದರ ಸೀಮೆ. ಅದಕ್ಕಿಂತ ಒಳಗಿನಿಂದ ತರಲು ಸಾಗಣೆ ಖರ್ಚು ಬಿಡುವುದಿಲ್ಲ ಎಂದು ಪ್ಲಿನಿಯೇ ಲೆಕ್ಕ ಹೇಳುತ್ತಾನೆ. ಕೀಳುವವರು ಕಾಲಿಗೆ ಕವಚ, ಕೈಗೆ ಹೆಣೆದ ಗವಸು ಹಾಕಿಕೊಂಡು, ಮೂಳೆಯ ಇಲ್ಲವೇ ಓಕ್ ಮರದ ಕೋಲಿಗೆ ಹುಲ್ಲನ್ನು ಸುತ್ತಿ ಜಗ್ಗಬೇಕಿತ್ತು. ಅಷ್ಟು ಪಾಡು ಪಟ್ಟಾದರೂ ಬೇಕಾದ ಸರಕು ಅದು. ಕ್ರಿ.ಪೂ. 217ರಲ್ಲಿ ಸ್ಪೇನಿನ ಕರಾವಳಿ ಮೇಲೆ ಬಿದ್ದ ರೋಮನ್ ನೌಕಾಪಡೆಗೆ ಲೊಂಗುಂಟಿಕಾ ಎಂಬಲ್ಲಿ ಕಾರ್ತೇಜಿನ ಸೇನಾಪತಿ ಹಸ್ಡ್ರುಬಾಲ್ ತನ್ನ ಹಡಗುಗಳಿಗೆಂದು ಕೂಡಿಹಾಕಿದ್ದ ಎಸ್ಪಾರ್ಟೊ ರಾಶಿ ಸಿಕ್ಕಿತು. ಬೇಕಾದಷ್ಟು ಎತ್ತಿಕೊಂಡು ಉಳಿದದ್ದಕ್ಕೆ ಬೆಂಕಿ ಇಟ್ಟರು ಎಂದು ರೋಮನ್ ಇತಿಹಾಸಕಾರ ಲಿವಿ ಬರೆಯುತ್ತಾನೆ. ಶತ್ರುವಿನ ಹಗ್ಗ ಸುಡುವುದೂ ಯುದ್ಧದ ಕೆಲಸವೇ ಆಗಿತ್ತು.

ಹಾಗಾದರೆ ಇಟಲಿಯಲ್ಲಿ ಹೆಂಪ್ ಬೆಳೆದದ್ದು ಯಾಕೆ? ಉತ್ತರ ತೋಟದ ಲೆಕ್ಕದಲ್ಲಿದೆ. ಕ್ರಿ.ಪೂ. 37ರ ಹೊತ್ತಿಗೆ, ಎಂಬತ್ತರ ವಯಸ್ಸಿನಲ್ಲಿ, ಬೇಸಾಯದ ಬಗ್ಗೆ ಬರೆದ ವ್ಯಾರೊ ಹೇಳುವ ನಿಯಮ ಒಂದೇ: ತೋಟದಲ್ಲೇ ಬೆಳೆದು ಮನೆಯಾಳುಗಳೇ ಮಾಡಬಹುದಾದ ವಸ್ತುವನ್ನು ದುಡ್ಡು ಕೊಟ್ಟು ತರಬೇಡ. ಹೆಂಪ್, ಅಗಸೆ, ಜೊಂಡುಗಳಿಗೆ ಒಂದಿಷ್ಟು ಜಾಗ ಬಿಡು, ಎತ್ತಿನ ಪಾದರಕ್ಷೆ, ದಾರ, ಹುರಿ, ಹಗ್ಗಕ್ಕೆ ಬರುತ್ತದೆ. ಎಸ್ಪಾರ್ಟೊ ತರಿಸಬೇಕಾದ ಸರಕು, ಹೆಂಪ್ ಹಿತ್ತಲಿನದು. ಹಳ್ಳಿಯ ಎತ್ತು, ಗಾಡಿ, ಬಾವಿ, ಹೊರೆ, ಇವುಗಳಿಗೆ ಬೇಕಾದ ಹಗ್ಗ ಒಣ ನೆಲದ ಹಗ್ಗವೇ ತಾನೆ?

ವ್ಯಾರೊಗಿಂತ ಒಂದು ನೂರು ವರ್ಷಕ್ಕೂ ಹಿಂದಿನ ಕೇಟೊ ಇನ್ನೂ ಖಡಕ್ ಮನುಷ್ಯ. ತೋಟದ ಒಡೆಯ ಊರಿಂದ ಬಂದಾಗ ಮೇಲ್ವಿಚಾರಕ 'ಮಳೆ ಬಂತು, ಕೆಲಸ ಸಾಗಲಿಲ್ಲ' ಅಂದರೆ ಒಡೆಯ ಏನು ಕೇಳಬೇಕು ಎಂದು ಪಟ್ಟಿಯನ್ನೇ ಕೊಟ್ಟಿದ್ದಾನೆ: ಮಳೆಯಲ್ಲಿ ಹೂಜಿ ತೊಳೆಯಬಹುದಿತ್ತು, ಗೊಬ್ಬರ ಹೊರಗೆ ಹಾಕಬಹುದಿತ್ತು, ಬೀಜ ಹಸನು ಮಾಡಬಹುದಿತ್ತು, ಹಳೆ ಹಗ್ಗ ರಿಪೇರಿ ಮಾಡಿ ಹೊಸದನ್ನು ಹೊಸೆಯಬಹುದಿತ್ತಲ್ಲ? ಹಗ್ಗ ಮಾಡುತ್ತಿದ್ದವರು ಬಹುಪಾಲು ಇಂಥ ಗುಲಾಮರೇ, ಅದೂ ಬೇರೆ ಕೆಲಸ ಇಲ್ಲದ ಹೊತ್ತಿನಲ್ಲಿ. ಅದಕ್ಕೇ ಈ ಕಸುಬಿನ ಬಗ್ಗೆ ಸಾಹಿತ್ಯದಲ್ಲಿ ಸಿಗುವುದು ಕಡಿಮೆ.

ಆದರೆ ಅದೇ ಕೇಟೊ ಎಣ್ಣೆ ಗಾಣದ ದೊಡ್ಡ ಹಗ್ಗಕ್ಕೆ ಹೇಳುವುದು ತೊಗಲನ್ನು. ಅವನ ಲೆಕ್ಕ ಬಹಳ ಚೆನ್ನಾಗಿದೆ, ಹಗ್ಗ ಹೊಸೆದವರಿಗೆ ಕೂಡಲೇ ಅರ್ಥವಾಗುತ್ತದೆ. ಮೂರು ಹುರಿ, ಒಂದೊಂದು ಹುರಿಗೆ ಎರಡು ಬೆರಳಗಲದ 9 ತೊಗಲಪಟ್ಟಿ. ಶುರುವಿನಲ್ಲಿ ಉದ್ದ 72 ಅಡಿ. ಹುರಿ ಹೊಡೆದ ಮೇಲೆ ಉಳಿಯುವುದು 49. ಕಟ್ಟಿಗೆ 3 ಅಡಿ ಹೋಗಿ 46. ಎಳೆದು ಬಿಗಿದಾಗ 5 ಅಡಿ ಹಿಗ್ಗಿ 51. ತಿರುಪು ತಿನ್ನುವ ಉದ್ದ ಹೆಚ್ಚುಕಡಿಮೆ ಮೂರನೇ ಒಂದು ಭಾಗ. ನಾರಿನ ಹಗ್ಗದಲ್ಲೂ ಇದೇ ತತ್ವ. ಎಳೆಯನ್ನು ಒಂದು ಕಡೆಗೆ ತಿರುಪಿ, ಮೂರು ಎಳೆ ಸೇರಿಸಿ ಎದುರು ದಿಕ್ಕಿಗೆ ತಿರುಪಿದರೆ ಒಂದು ಬಿಚ್ಚಿಕೊಳ್ಳಲು ಹೋದಾಗ ಇನ್ನೊಂದು ಬಿಗಿಯುತ್ತದೆ. ಬೆರಳುದ್ದದ ನಾರುಗಳು ಮಾರುದ್ದದ ಹಗ್ಗವಾಗಿ ನಿಲ್ಲುವುದು ಈ ಜಗ್ಗಾಟದಿಂದ.

ಈಗ ಹೊಲಕ್ಕೆ ಬರೋಣ. ನನ್ನ ಮಟ್ಟಿಗೆ ಇಡೀ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ.

ಕ್ರಿ.ಶ. 1ನೇ ಶತಮಾನದ ಕೊಲುಮೆಲ್ಲಾ ಬಿತ್ತನೆ ಹೇಗೆಂದು ಕರಾರುವಾಕ್ಕಾಗಿ ಬರೆದಿದ್ದಾನೆ. ಹೆಂಪಿಗೆ ಗೊಬ್ಬರ ಹಾಕಿದ, ನೀರುಣಿಸಿದ ಕೊಬ್ಬಿದ ನೆಲ ಬೇಕು. ಇಲ್ಲವಾದರೆ ಸಮತಟ್ಟಾದ, ತೇವವಿರುವ, ಆಳವಾಗಿ ಉತ್ತ ನೆಲ. ಫೆಬ್ರುವರಿ ಕೊನೆಯಲ್ಲಿ, ಸ್ವಾತಿ ನಕ್ಷತ್ರ ಮೂಡುವ ಹೊತ್ತಿಗೆ, ಚದರಡಿಗೆ ಆರು ಬೀಜ ಬಿತ್ತಬೇಕು. ಮಳೆ ಇದ್ದರೆ ವಸಂತ ವಿಷುವದವರೆಗೂ, ಅಂದರೆ ಮಾರ್ಚಿನಲ್ಲಿ ಹಗಲು ಇರುಳು ಸಮವಾಗುವ ದಿನದವರೆಗೂ, ನಡೆದೀತು.

ಚದರಡಿಗೆ ಆರು ಎಂದರೆ ಎಷ್ಟು? ರೋಮನ್ ಅಡಿ ಸುಮಾರು 29.6 ಸೆಂಟಿಮೀಟರ್. ಲೆಕ್ಕ ಹಾಕಿದರೆ ಚದರ ಮೀಟರಿಗೆ 68 ಬೀಜ ಬೀಳುತ್ತದೆ. ಬಟ್ಟೆಗೆಂದು ಇಂದು ಹೆಂಪ್ ಬೆಳೆಯುವವರು ಚದರ ಮೀಟರಿಗೆ 100ಕ್ಕೂ ಮೇಲೆ, ಅನೇಕ ಕಡೆ 200ರ ಆಸುಪಾಸು ಗಿಡ ನಿಲ್ಲಿಸುತ್ತಾರೆ. ಒತ್ತಾಗಿ ಬಿತ್ತಿದರೆ ಗಿಡ ಕವಲೊಡೆಯದೆ ಸಣ್ಣಗೆ, ಉದ್ದಕ್ಕೆ ಹೋಗುತ್ತದೆ, ನಾರು ನಯವಾಗುತ್ತದೆ. ವಿರಳವಾದರೆ ಕಾಂಡ ದಪ್ಪ, ಕೊಂಬೆ ಜಾಸ್ತಿ, ಬೀಜ ಜಾಸ್ತಿ, ನಾರು ಒರಟು. ಈ ಗುಟ್ಟು ರೋಮನ್ನರಿಗೆ ತಿಳಿಯದ್ದಲ್ಲ. ಒತ್ತಾಗಿ ಬಿತ್ತಿದಷ್ಟೂ ಕಾಂಡ ತೆಳ್ಳಗೆ ಎಂದು ಪ್ಲಿನಿ ಬರೆದಿದ್ದಾನೆ. ಹಾಗಿದ್ದೂ ಕೊಲುಮೆಲ್ಲಾ ಹೇಳುವುದು ಆರೇ ಬೀಜ. ನಯವಾದ ನೂಲು ಅವನ ಗುರಿಯಾಗಿರಲಿಲ್ಲ ಎಂದೇ ನಾನು ಓದುತ್ತೇನೆ.

ಕೊಯ್ಲಿನ ಹೊತ್ತು ನೋಡಿದರೆ ಅನುಮಾನ ಇನ್ನೂ ಕಡಿಮೆಯಾಗುತ್ತದೆ. ಪ್ಲಿನಿಯ ಪ್ರಕಾರ ಶರತ್ಕಾಲದ ವಿಷುವ ಕಳೆದ ಮೇಲೆ ಬಲಿತ ಬೀಜವನ್ನು ಉದುರಿಸಿ ಬಿಸಿಲಿಗೋ ಗಾಳಿಗೋ ಹೊಗೆಗೋ ಒಣಗಿಸಬೇಕು. ಗಿಡವನ್ನು ಕೀಳುವುದು ದ್ರಾಕ್ಷಿ ಸುಗ್ಗಿ ಮುಗಿದ ಮೇಲೆ. ಎಂದರೆ ಬೀಜ ಬಲಿತು ಕಾಂಡ ಕಟ್ಟಿಗೆಯಾಗುವವರೆಗೆ ಗಿಡ ಹೊಲದಲ್ಲೇ ನಿಂತಿರುತ್ತಿತ್ತು. ನಯವಾದ ಬಟ್ಟೆ ಬೇಕೆನ್ನುವವರು ಗಂಡು ಗಿಡ ಹೂ ಬಿಟ್ಟ ಕೂಡಲೇ ಕೊಯ್ಯುತ್ತಾರೆ. ಅಲ್ಲಿಂದ ಮುಂದಕ್ಕೆ ನಾರಿನಲ್ಲಿ ಲಿಗ್ನಿನ್ (ಮರವನ್ನು ಗಡಸಾಗಿಸುವ ವಸ್ತು) ಕೂಡುತ್ತ ಹೋಗಿ ಅದು ಪೆಡಸಾಗುತ್ತದೆ. ಬೀಜವೂ ಬೇಕು ನಾರೂ ಬೇಕು ಎಂದರೆ ಸಿಗುವುದು ಒರಟು ನಾರು. ಹಗ್ಗಕ್ಕೆ ಅದು ಕೊರತೆಯೇ ಅಲ್ಲ. ಅಂಗಿಗೆ ಮೈ ತುರಿಸುತ್ತದೆ.

ಪ್ಲಿನಿಯ ಮಾತಿನಲ್ಲಿ ಹೆಚ್ಚು ಕಣ್ಣಿಗೆ ಕಟ್ಟುವ ಒಂದು ಸಾಲಿದೆ: ಸಿಪ್ಪೆ ಸುಲಿದು ನಾರು ಹಸನು ಮಾಡುವುದು ರಾತ್ರಿ ದೀಪದ ಬೆಳಕಿನ ಕೆಲಸ. ಹಗಲಿನ ಹೊಲದ ಕೆಲಸ ಮುಗಿದ ಮೇಲೆ ಅದೇ ಆಳುಗಳನ್ನು ಕೂರಿಸಿ ಮಾಡಿಸುತ್ತಿದ್ದದ್ದು. ಆ ಹಣತೆಯ ಬತ್ತಿಯೂ ಅಗಸೆ ನಾರು ಬಾಚಿದಾಗ ಉಳಿಯುವ ಸಿಕ್ಕುನಾರಿನದೇ ಎಂದು ಅವನೇ ಇನ್ನೊಂದು ಕಡೆ ಹೇಳುತ್ತಾನೆ.

ಸುಲಿಯುವುದಕ್ಕೆ ಮೊದಲು ಕೊಳೆಹಾಕುವ ಹಂತವಿದೆ. ಅಗಸೆಯ ವಿಷಯದಲ್ಲಿ ಪ್ಲಿನಿ ಇದನ್ನು ಹಂತಹಂತವಾಗಿ ವಿವರಿಸಿದ್ದಾನೆ: ಕಟ್ಟುಗಳನ್ನು ಬಿಸಿಲಿಗೆ ಬೆಚ್ಚಗಾದ ನೀರಿನಲ್ಲಿ ಭಾರ ಹೇರಿ ಮುಳುಗಿಸಿ, ತೊಗಟೆ ಸಡಿಲವಾದಾಗ ತೆಗೆದು ಒಣಗಿಸಿ, ಕಲ್ಲಿನ ಮೇಲೆ ಕೊಡತಿಯಿಂದ ಬಡಿದು, ಕಬ್ಬಿಣದ ಹಲ್ಲುಗಳಲ್ಲಿ ಬಾಚುವುದು. ಹೆಂಪಿಗೂ ಮೂಲತಃ ಇದೇ ದಾರಿ. ನೀರಿನಲ್ಲಿ ಸೂಕ್ಷ್ಮಜೀವಿಗಳು ನಾರಿನ ಕಂತೆಗಳನ್ನು ಕಾಂಡಕ್ಕೆ ಅಂಟಿಸಿರುವ ಪೆಕ್ಟಿನ್ ಅನ್ನು ತಿಂದು ಮುಗಿಸುತ್ತವೆ. ಒಂದು ದಿನ ಮೊದಲು ತೆಗೆದರೆ ಸಿಪ್ಪೆ ಬಿಡುವುದಿಲ್ಲ, ತಡವಾದರೆ ನಾರೇ ಹಳಸುತ್ತದೆ. ವಾಸನೆಯಂತೂ ಬೇಡ. ನಾರು ಕೊಳೆಹಾಕಿದ ಕೆರೆಯ ದಂಡೆಯಲ್ಲಿ ನಿಂತವರಿಗೆ ವಿವರಿಸಿ ಹೇಳಬೇಕಿಲ್ಲ.

ಇದೆಲ್ಲ ಬರೀ ಪುಸ್ತಕದ ಮಾತಲ್ಲ ಎನ್ನುವುದಕ್ಕೆ ಕೆಸರಿನ ಸಾಕ್ಷಿ ಇದೆ. ರೋಮಿನ ದಕ್ಷಿಣಕ್ಕೆ ಅಲ್ಬಾನೊ, ನೇಮಿ ಎಂಬ ಎರಡು ಸರೋವರಗಳಿವೆ, ಎರಡೂ ಹಳೆಯ ಜ್ವಾಲಾಮುಖಿಯ ಬಾಯಿಗಳು. ಅವುಗಳ ತಳದ ಕೆಸರನ್ನು ಕೊಳವೆಯಲ್ಲಿ ಎತ್ತಿ ಪರಾಗ ಎಣಿಸಿದ ಸಂಶೋಧಕರು 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಂಪಿನ ಪರಾಗ ರೋಮ್ ಹುಟ್ಟುವುದಕ್ಕೆ ಸಾವಿರಾರು ವರ್ಷ ಮೊದಲಿನ ಪದರಗಳಲ್ಲೂ ಅಲ್ಲಲ್ಲಿ ಇದೆ, ಅಂದರೆ ಗಿಡ ಇಟಲಿಗೆ ಹೊಸದಲ್ಲ. ಆದರೆ ಬೇಸಾಯದ ಬೆಳೆಯಾಗಿ ಅದು ಸ್ಪಷ್ಟವಾಗಿ ಕಾಣಿಸುವುದು ಕ್ರಿ.ಶ. 1ನೇ ಶತಮಾನದಲ್ಲಿ, ಕೊಲುಮೆಲ್ಲಾ, ಪ್ಲಿನಿ ಬರೆಯುತ್ತಿದ್ದ ಕಾಲದಲ್ಲೇ. ಬಿಯರಿಗೆ ಹಾಕುವ ಹಾಪ್ ಬಳ್ಳಿ ಹೆಂಪಿನ ಹತ್ತಿರದ ನೆಂಟ. ಎರಡರ ಪರಾಗ ಬೇರ್ಪಡಿಸುವುದು ಸೂಕ್ಷ್ಮದ ಕೆಲಸ. ಹಾಗಾಗಿ ಇಂಥ ಅಧ್ಯಯನಕ್ಕೆ ತೂಕ ಹೆಚ್ಚು.

ಅದೇ ನೇಮಿ ಸರೋವರದಲ್ಲಿ ಚಕ್ರವರ್ತಿ ಕಲಿಗುಲಾನ ಎರಡು ಭಾರಿ ಹಡಗುಗಳು ಸಿಕ್ಕಿದವು. ಹೊರಮೈಗೆ ಕೀಲು (ಮರದಿಂದ ತೆಗೆಯುವ ಡಾಂಬರಿನಂಥ ಅಂಟು) ಸವರಿದ ಬಟ್ಟೆ, ಅದರ ಮೇಲೆ ಸೀಸದ ತಗಡು. ಆ ಬಟ್ಟೆ ಹೆಂಪಿನದಲ್ಲ, ಉಣ್ಣೆಯದು.

ಇಟಲಿಯಲ್ಲೇ ಒಂದು ಜಾಗಕ್ಕೆ ಹೆಂಪಿನ ವಿಷಯದಲ್ಲಿ ಹೆಸರಿತ್ತು: ಸಾಬೈನ್ ನಾಡಿನ ರೋಸಿಯಾ ಬಯಲು, ಇಂದಿನ ರಿಯೆಟಿ ಪಟ್ಟಣದ ಹತ್ತಿರ. ಅಲ್ಲಿ ಹೆಂಪ್ ಹಣ್ಣಿನ ಮರದಷ್ಟು ಎತ್ತರ ಬರುತ್ತದೆ ಎನ್ನುತ್ತಾನೆ ಪ್ಲಿನಿ. ಕಾರಣ ಹುಡುಕಲು ಕಷ್ಟವಿಲ್ಲ. ಅದು ಮೊದಲು ಜೌಗು. ಕ್ರಿ.ಪೂ. 271ರಲ್ಲಿ ಮಾನಿಯಸ್ ಕ್ಯೂರಿಯಸ್ ಡೆಂಟಾಟಸ್ ಕಾಲುವೆ ಕಡಿಸಿ ನೀರನ್ನು ನೇರಾ ನದಿಯ ಕಣಿವೆಗೆ ಇಳಿಸಿದ. ಇಂದು ಪ್ರವಾಸಿಗರು ನೋಡಲು ಹೋಗುವ ಮಾರ್ಮೋರೆ ಜಲಪಾತ ಆ ಕಾಲುವೆಯ ತುದಿ. ನೀರು ಹೋದ ಮೇಲೆ ಉಳಿದದ್ದು ಕೆರೆ ತಳದ ಕಪ್ಪು ಮಣ್ಣು, ಕೆಳಗೆ ಸದಾ ತೇವ. ಕೊಲುಮೆಲ್ಲಾ ಕೇಳುವ ನೆಲ ಅಕ್ಷರಶಃ ಅದೇ. ನಿನ್ನೆ ನೆಲದಲ್ಲಿ ಬಿಟ್ಟ ಕೋಲು ಇವತ್ತು ಹುಲ್ಲಲ್ಲಿ ಮುಚ್ಚಿಹೋಗುತ್ತದೆ ಎಂದು ರೋಸಿಯಾ ಬಗ್ಗೆ ಹೇಳುತ್ತಿದ್ದರಂತೆ. ವ್ಯಾರೊ ಆ ಸೀಮೆಯವನೇ; ಹೆಂಪಿಗೆ ಜಾಗ ಬಿಡು ಎನ್ನುವಾಗ ಅವನ ಕಣ್ಣ ಮುಂದೆ ತನ್ನೂರಿನ ಬಯಲೇ ಇತ್ತೆಂದು ಊಹಿಸಿದರೆ ತಪ್ಪಾಗಲಾರದು.

ಎತ್ತರ ಇದ್ದ ಮಾತ್ರಕ್ಕೆ ಉತ್ತಮ ಎಂದಲ್ಲ. ಪ್ಲಿನಿ ಮೊದಲ ದರ್ಜೆ ಕೊಡುವುದು ಅಲಬಾಂಡಾದ ಹೆಂಪಿಗೆ, ಎರಡನೆಯದು ಮಿಲಾಸಾದ್ದಕ್ಕೆ. ಎರಡೂ ಇಂದಿನ ತುರ್ಕಿಯ ನೈರುತ್ಯದಲ್ಲಿವೆ. ಅಲಬಾಂಡಾದವರು ಒಂದೇ ಕಾಂಡದ ನಾರನ್ನು ಮೂರು ಪದರವಾಗಿ ವಿಂಗಡಿಸುತ್ತಿದ್ದರು. ತೊಗಟೆಗೆ ಹತ್ತಿದ್ದೂ ಕಡಿಮೆ ಬೆಲೆಯದು, ಒಳದಿಂಡಿಗೆ ಹತ್ತಿದ್ದೂ ಕಡಿಮೆ ಬೆಲೆಯದು. ನಡುವಿನದು ಎಲ್ಲಕ್ಕಿಂತ ಮೇಲು. ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರೆ ಈ ವಿಂಗಡಣೆಗೆ ಅರ್ಥವಿದೆ. ಹೊರಗಡೆಯ ನಾರಿನ ಜೊತೆ ತೊಗಟೆಯ ಚೂರು ಬರುತ್ತದೆ. ಒಳಗಡೆ ಆಮೇಲೆ ಹುಟ್ಟುವ ಎರಡನೇ ಸುತ್ತಿನ ನಾರು ಮೋಟು, ಕಟ್ಟಿಗೆಯಂಥದ್ದು. ಇಷ್ಟು ಶ್ರದ್ಧೆಯಿಂದ ಆರಿಸಿದ ನಾರಿನಲ್ಲಿ ಏನು ಮಾಡುತ್ತಿದ್ದರು? ಸೀರೆ, ಶಾಲು ಅಲ್ಲ. ಬೇಟೆಯ ಬಲೆ. ಜಗತ್ತಿನ ಅತ್ಯುತ್ತಮ ಹೆಂಪ್ ಎಂದು ಪ್ಲಿನಿ ಕರೆದದ್ದರ ಮುಖ್ಯ ಉಪಯೋಗ ಅದು. ಕಾಡುಹಂದಿ ನುಗ್ಗಿ ಬಂದಾಗ ಹರಿಯಬಾರದು, ಹೊರುವವನಿಗೆ ಭಾರವೂ ಆಗಬಾರದು. ತೆಳು ಎಳೆ, ಗಟ್ಟಿ ಗಂಟು. ಅಲ್ಲಿಯೂ ಹೆಂಪಿಗೆ ಪೈಪೋಟಿ ಇತ್ತು. ನೇಪಲ್ಸ್ ಹತ್ತಿರದ ಕ್ಯೂಮಿಯ ಅಗಸೆ ಬಲೆ ಎಷ್ಟು ನಯ ಎಂದರೆ ಇಡೀ ಬಲೆಯನ್ನು ಉಂಗುರದಲ್ಲಿ ತೂರಿಸಬಹುದು ಎಂದು ಪ್ಲಿನಿ ಬೆರಗಾಗಿ ಬರೆಯುತ್ತಾನೆ.

ನೆಲಕ್ಕೆ ಹೆಂಪ್, ನೀರಿಗೆ ಎಸ್ಪಾರ್ಟೊ ಎಂಬ ಗೆರೆ ಅಳಿಸಲಾಗದ್ದು ಅಂತಲೂ ಅಲ್ಲ. ನೀರೋ ಕಾಲದ ಕವಿ ಪರ್ಸಿಯಸ್ ದುರಾಸೆಯಿಂದ ಕಡಲು ದಾಟಲು ಹೊರಟವನನ್ನು ಗೇಲಿ ಮಾಡುವಾಗ, ಹೊಸೆದ ಹೆಂಪ್ ಹಗ್ಗದ ಸುರುಳಿಗೆ ಒರಗಿ ಅಡ್ಡಹಲಗೆಯ ಮೇಲೆ ಊಟ ಮಾಡಬೇಕಾಗುತ್ತದಲ್ಲೋ ಎನ್ನುತ್ತಾನೆ. ಹಡಗಿನ ಮೇಲೆ ಹೆಂಪ್ ಹಗ್ಗ ಬಿದ್ದಿರುವುದು ಓದುಗರಿಗೆ ಸಹಜವಾಗಿ ಕಾಣದಿದ್ದರೆ ಆ ಹಾಸ್ಯ ನಾಟುತ್ತಿರಲಿಲ್ಲ. ಅದಕ್ಕೂ ಹಿಂದೆ, ಕ್ರಿ.ಪೂ. 3ನೇ ಶತಮಾನದಲ್ಲಿ, ಸಿಸಿಲಿಯ ಸಿರಾಕ್ಯೂಸಿನ ಅರಸ ಎರಡನೇ ಹಿಯೆರೊ ಆರ್ಕಿಮಿಡೀಸನ ಉಸ್ತುವಾರಿಯಲ್ಲಿ ಕಟ್ಟಿಸಿದ ದೈತ್ಯ ಹಡಗಿಗೆ ಸ್ಪೇನಿನಿಂದ ಎಸ್ಪಾರ್ಟೊ, ರೋನ್ ನದಿಯ ಕಡೆಯಿಂದ ಹೆಂಪ್ ಮತ್ತು ಕೀಲು ತರಿಸಿದ. ಕಪ್ಪುಸಮುದ್ರದ ಪೂರ್ವದಂಡೆಯ ಕೋಲ್ಕಿಸ್ ನಾಡಿನ ಬಗ್ಗೆ ಭೂಗೋಳಕಾರ ಸ್ಟ್ರಾಬೊ ಬರೆಯುವಾಗಲೂ ಹಡಗು ಕಟ್ಟಲು ಬೇಕಾದ ಅಗಸೆ, ಹೆಂಪ್, ಮೇಣ, ಕೀಲು ಅಲ್ಲಿ ಸಿಗುತ್ತವೆ ಎನ್ನುತ್ತಾನೆ. ಎರಡು ಕಡೆಯೂ ಹೆಂಪಿನ ಪಕ್ಕದಲ್ಲೇ ಕೀಲು ಇರುವುದನ್ನು ಗಮನಿಸಿ. ಹೆಂಪ್ ನೆನೆದರೆ ಬಲ ಕಳೆದುಕೊಳ್ಳುವುದಿಲ್ಲ. ಅದರ ರೋಗ ಬೇರೆ, ಹುರಿಯ ಒಳಗೆ ನೀರು ಹಿಡಿದುಕೊಂಡು ಒಳಗಿನಿಂದಲೇ ಕೊಳೆಯುತ್ತದೆ. ಹೊರಗೆ ನೋಡಿದರೆ ಚೆನ್ನಾಗಿರುವ ಹಗ್ಗ ಭಾರ ಬಿದ್ದಾಗ ಪಟ್ಟನೆ ಕಡಿಯುತ್ತದೆ. ಕೀಲು ಕುಡಿಸಿದರೆ ಆ ಕಾಟ ತಪ್ಪುತ್ತದೆ. ಮುಂದೆ ಯೂರೋಪಿನ ಹಾಯಿಹಡಗುಗಳ ಕಾಲದಲ್ಲಿ ಹೆಂಪ್ ಕಡಲನ್ನು ಆಳಿದ್ದು ಕೀಲಿನ ಬಲದಿಂದಲೇ, ಆದರೆ ಅದು ರೋಮ್ ಮುಗಿದು ಎಷ್ಟೋ ಶತಮಾನದ ನಂತರದ ಕಥೆ. ವಿಡಿಯೊಗಳು ಆ ಕಾಲವನ್ನು ತಂದು ರೋಮಿನ ತಲೆಗೆ ಕಟ್ಟುತ್ತವೆ ಎಂಬುದು ನನ್ನ ಗುಮಾನಿ.

ಹಗ್ಗದವರ ಕಸುಬು ಊರಲ್ಲಿ ಹೇಗಿತ್ತು ಎಂಬುದರ ಒಂದು ಗುರುತು ರೋಮಿನ ಬಂದರು ಓಸ್ಟಿಯಾದಲ್ಲಿ ಇಂದಿಗೂ ಕಾಣುತ್ತದೆ. ಅಲ್ಲಿನ ವರ್ತಕ ಸಂಘಗಳ ಚೌಕದಲ್ಲಿ ಒಂದು ಮಳಿಗೆಯ ನೆಲದ ಮೊಸಾಯಿಕ್‌ನಲ್ಲಿ ಸಿಕ್ಕುನಾರಿನವರ ಮತ್ತು ಹಗ್ಗ ಹೊಸೆಯುವವರ ಸಂಘದ ಹೆಸರಿದೆ. ಸಂಘ ಇದ್ದರೂ ಮರ್ಯಾದೆ ಅಷ್ಟಕ್ಕಷ್ಟೇ. ಆಗಸ್ಟಸ್ ಚಕ್ರವರ್ತಿಯನ್ನು ಹೀಗಳೆಯಲು ಮಾರ್ಕ್ ಆಂಟನಿ ಎತ್ತಿದ ಮಾತು: ಇವನ ಮುತ್ತಾತ ಥೂರಿಯೈ ಸೀಮೆಯ ಬಿಡುಗಡೆಯಾದ ಗುಲಾಮ, ಹಗ್ಗ ಹೊಸೆದು ಬದುಕಿದವನು.

ಈಗ ಹಾಯಿ ಮತ್ತು ಬಟ್ಟೆ. ಹಾಯಿಯ ವಿಷಯದಲ್ಲಿ ಲಿಖಿತ ಸಾಕ್ಷಿ ಅಗಸೆಯ ಕಡೆಗೇ ಬಾಗುತ್ತದೆ. ಕ್ರಿ.ಪೂ. 205ರಲ್ಲಿ ರೋಮನ್ ಸೇನಾಪತಿ ಸಿಪಿಯೊ ಆಫ್ರಿಕಾ ದಂಡಯಾತ್ರೆಗೆ ಹಡಗು ಕಟ್ಟಿಸುವಾಗ ಇಟಲಿಯ ಎಟ್ರಸ್ಕನ್ ಜನರ ಊರುಗಳು ಒಂದೊಂದು ವಸ್ತು ಕೊಟ್ಟವು. ತಾರ್ಕ್ವಿನಿಯೈ ಕೊಟ್ಟದ್ದು ಹಾಯಿಗೆ ಅಗಸೆ ಬಟ್ಟೆ. ಪ್ಲಿನಿ ಅಗಸೆಯ ಅಧ್ಯಾಯ ತೆರೆಯುವುದೇ ಹಾಯಿಯ ಮೇಲಿನ ಅಚ್ಚರಿಯಿಂದ: ಒಂದು ಚಿಕ್ಕ ಬೀಜದಿಂದ ಹುಟ್ಟುವ ಗಿಡ ಈಜಿಪ್ಟನ್ನು ಇಟಲಿಗೆ ಎಷ್ಟು ಹತ್ತಿರ ತಂದಿತೆಂದರೆ ಸಿಸಿಲಿ ಜಲಸಂಧಿಯಿಂದ ಅಲೆಕ್ಸಾಂಡ್ರಿಯಾಕ್ಕೆ ಒಬ್ಬ ಅಧಿಕಾರಿ 7 ದಿನದಲ್ಲಿ, ಇನ್ನೊಬ್ಬ 6 ದಿನದಲ್ಲಿ ಮುಟ್ಟಿದ. ನೀರೋನ ಕ್ರೀಡಾಂಗಣದಲ್ಲಿ ಹಗ್ಗಗಳ ಮೇಲೆ ಎಳೆದ, ನಕ್ಷತ್ರ ಬರೆದ ಆಕಾಶಬಣ್ಣದ ಚಪ್ಪರವನ್ನೂ ಅವನು ಅಗಸೆಯ ಲೆಕ್ಕದಲ್ಲೇ ಸೇರಿಸುತ್ತಾನೆ. ಗಾಲ್ ನಾಡಿನ ಅಟ್ಲಾಂಟಿಕ್ ದಂಡೆಯ ವೆನೆಟಿಗಳು ತೊಗಲಿನ ಹಾಯಿ ಕಟ್ಟಿದ್ದನ್ನು, ಲಂಗರಿಗೆ ಹಗ್ಗದ ಬದಲು ಕಬ್ಬಿಣದ ಸರಪಳಿ ಹಾಕಿದ್ದನ್ನು ಜೂಲಿಯಸ್ ಸೀಸರ್ ಆಶ್ಚರ್ಯದಿಂದ ಬರೆದಿದ್ದಾನೆ. ಇನ್ನು ಈಜಿಪ್ಟಿನ ಕೆಂಪುಸಮುದ್ರದ ಬಂದರು ಬೆರೆನೀಕೆಯಲ್ಲಿ ಅಗೆದಾಗ ಸಿಕ್ಕ ರೋಮನ್ ಕಾಲದ ಹಾಯಿತುಂಡುಗಳು ಹತ್ತಿಯವು, ಅದೂ ಭಾರತದಲ್ಲಿ ನೇಯ್ದದ್ದೆಂದು ನೂಲಿನ ತಿರುಪು ನೋಡಿ ತಜ್ಞರು ಹೇಳುತ್ತಾರೆ. ನಮ್ಮ ಕಡೆಯ ಮೆಣಸು ಹೊತ್ತ ಹಡಗುಗಳು ಹೋಗಿ ನಿಲ್ಲುತ್ತಿದ್ದ ಬಂದರು ಅದು.

ಬಟ್ಟೆಯಲ್ಲಿ ಸತ್ಯ ಇಲ್ಲವೇ? ಇದೆ, ಆದರೆ ಅದರ ನೆಲೆ ರೋಮಿನ ಅಂಚಿನಲ್ಲಿ. ಬಾಲ್ಕನ್ ಕಡೆಯ ಥ್ರೇಸಿಯನ್ನರು ಹೆಂಪಿನಿಂದ ಉಡುಪು ನೇಯುತ್ತಾರೆ, ನುರಿತವನಲ್ಲದೆ ಬೇರೆಯವರಿಗೆ ಅದು ಅಗಸೆ ಬಟ್ಟೆಗಿಂತ ಬೇರೆ ಎಂದು ತಿಳಿಯುವುದಿಲ್ಲ ಎಂದು ಕ್ರಿ.ಪೂ. 5ನೇ ಶತಮಾನದಲ್ಲೇ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದ. ಜರ್ಮನಿಯ ಹಾಖ್‌ಡಾರ್ಫ್ ಎಂಬಲ್ಲಿ ಕ್ರಿ.ಪೂ. 6ನೇ ಶತಮಾನದ ಕೆಲ್ಟಿಕ್ ನಾಯಕನ ಸಮಾಧಿಯ ಜವಳಿಯಲ್ಲೂ ಹೆಂಪ್ ಗುರುತಾಗಿದೆ. ಗ್ರೀಸಿನ ಎಲಿಸ್ ನಾಡಿನವರು ನೆಲಕ್ಕೆ ತಕ್ಕಂತೆ ಹೆಂಪನ್ನೋ ಅಗಸೆಯನ್ನೋ ಬಿತ್ತುತ್ತಾರೆ ಎಂದು ಕ್ರಿ.ಶ. 2ನೇ ಶತಮಾನದ ಪ್ರವಾಸಿ ಲೇಖಕ ಪೌಸೇನಿಯಸ್ ಹೇಳುತ್ತಾನೆ. ರೋಮನ್ನರ ಮೈಮೇಲಿದ್ದದ್ದು ಮುಖ್ಯವಾಗಿ ಉಣ್ಣೆ; ಟೋಗಾ ಉಣ್ಣೆಯದು, ಸೈನಿಕನ ಮೇಲಂಗಿ ಉಣ್ಣೆಯದು. ಬೇಸಿಗೆಗೂ ಒಳಉಡುಪಿಗೂ ಅಗಸೆ.

ಹೆರೊಡೊಟಸನ ಮಾತು ಇವತ್ತಿನ ಪ್ರಯೋಗಾಲಯಕ್ಕೂ ತಲೆನೋವೇ. ಮ್ಯೂಸಿಯಂಗಳಲ್ಲಿ 'ಅಗಸೆ' ಎಂಬ ಚೀಟಿ ಹೊತ್ತ ಹಳೆಯ ತುಂಡುಗಳಲ್ಲಿ ಕೆಲವು ಹೆಂಪಿನವಾಗಿದ್ದರೆ ನನಗೆ ಆಶ್ಚರ್ಯವಿಲ್ಲ. ಎರಡೂ ನಾರು ಸೂಕ್ಷ್ಮದರ್ಶಕದಲ್ಲಿ ಬಿದಿರಿನಂತೆ ಗಿಣ್ಣುಗಿಣ್ಣಾಗಿ ಕಾಣುತ್ತವೆ. ವಿದ್ಯಾರ್ಥಿಗಳಿಗೆ ನಾನು ತೋರಿಸುವ ಸರಳ ಪರೀಕ್ಷೆ ಇದು: ಒಂದೇ ಒಂದು ನಾರನ್ನು ಬಿಡಿಸಿ ಒದ್ದೆ ಮಾಡಿ, ತುದಿ ನಮ್ಮ ಕಡೆಗೆ ಇರುವಂತೆ ಬಿಸಿ ತಟ್ಟೆಯ ಮೇಲೆ ಹಿಡಿಯಬೇಕು. ಒಣಗುತ್ತ ಹೋದಂತೆ ಅಗಸೆಯ ನಾರಿನ ತುದಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ, ಹೆಂಪಿನದು ಎದುರು ದಿಕ್ಕಿಗೆ. ನಾರಿನ ಗೋಡೆಯಲ್ಲಿ ಸೆಲ್ಯುಲೋಸ್ ಎಳೆಗಳು ಸುತ್ತಿಕೊಂಡಿರುವ ದಿಕ್ಕೇ ಬೇರೆ ಬೇರೆ, ಅದಕ್ಕೆ ಹೀಗೆ. ಧ್ರುವೀಕೃತ ಬೆಳಕಿನಲ್ಲೂ ಇದೇ ವ್ಯತ್ಯಾಸ ಬಣ್ಣವಾಗಿ ಕಾಣುತ್ತದೆ. ಆದರೆ ಎರಡು ಸಾವಿರ ವರ್ಷ ಮಣ್ಣಲ್ಲಿದ್ದು ಪುಡಿಯಾಗುತ್ತಿರುವ ನಾರನ್ನು ಹೀಗೆ ಹಿಡಿದು ನೋಡುವುದು ಎಲ್ಲ ಸಲ ಆಗದ ಮಾತು. ಹಾಗಾಗಿ 'ರೋಮನ್ ಹೆಂಪ್ ಬಟ್ಟೆ' ಎಂದು ಯಾರಾದರೂ ಬರೆದರೆ ಯಾವ ಪರೀಕ್ಷೆ ಮಾಡಿದಿರಿ ಎಂದು ಕೇಳಬೇಕು.

ಹಗ್ಗದ ಮಟ್ಟಿಗೆ ಒಂದು ವಸ್ತು ಕೈಗೆ ಸಿಕ್ಕಿದೆ, ಅದೂ ಸಾಮ್ರಾಜ್ಯದ ಬಡಗಣ ತುದಿಯಲ್ಲಿ. ಸ್ಕಾಟ್ಲೆಂಡಿನಲ್ಲಿ ಕ್ರಿ.ಶ. 142ರಲ್ಲಿ ಕಟ್ಟಲು ತೊಡಗಿದ ಆಂಟೊನೈನ್ ಗೋಡೆಯ ಬಾರ್ ಹಿಲ್ ಕೋಟೆಯ ಬಾವಿಯಲ್ಲಿ ಸಿಕ್ಕ ಹಗ್ಗವನ್ನು ಹೆಂಪ್ ಎಂದು ಗುರುತಿಸಿದ್ದಾರೆ. ಒಣ ನೆಲಕ್ಕೆ ಹೆಂಪ್ ಎಂದ ಪ್ಲಿನಿಯ ಮಾತಿಗೆ ಬಾವಿಹಗ್ಗವೇ ಸಾಕ್ಷಿ ಆಗಬೇಕೆಂದರೆ ತಮಾಷೆಯೇ. ಗಾಳಿಯಾಡದ ಕೆಸರಲ್ಲಿ ಬಿದ್ದದ್ದು ಉಳಿಯಿತು, ಒಣ ನೆಲದಲ್ಲಿ ದುಡಿದದ್ದೆಲ್ಲ ಮಣ್ಣಾಯಿತು.

ಕೊನೆಗೆ ಅಮಲು. ರೋಮನ್ ವೈದ್ಯರ ಬರಹದಲ್ಲಿ ಹೆಂಪ್ ಬರುತ್ತದೆ, ಔಷಧಿಯಾಗಿ. ಡಯಾಸ್ಕೊರಿಡೀಸ್ ಮೊದಲು ಹೇಳುವುದೇ ಗಟ್ಟಿ ಹಗ್ಗಕ್ಕೆ ಬಹಳ ಉಪಯೋಗ ಎಂದು, ಆಮೇಲೆ ಮದ್ದಿನ ಮಾತು. ಕಿವಿಯೊಳಗಿನ ಹುಳುವಿಗೆ ಅದರ ರಸ, ಕೀಲುನೋವಿಗೆ ಬೇರಿನ ಕಷಾಯ ಎನ್ನುತ್ತಾನೆ ಪ್ಲಿನಿ. ಬೀಜ ಗಂಡಸುತನಕ್ಕೆ ಒಳ್ಳೆಯದಲ್ಲ ಎಂದೂ ಎಚ್ಚರಿಸುತ್ತಾನೆ. 2ನೇ ಶತಮಾನದ ವೈದ್ಯ ಗ್ಯಾಲೆನ್ ಮಾತ್ರ ಊಟದ ನಂತರದ ತಿಂಡಿಯ ಜೊತೆ ಹುರಿದ ಹೆಂಪ್ ಬೀಜ ತಿನ್ನುವವರ ಬಗ್ಗೆ ಬರೆದು, ಜಾಸ್ತಿ ತಿಂದರೆ ತಲೆಗೆ ಬಿಸಿ ಏರುತ್ತದೆ ಎನ್ನುತ್ತಾನೆ. ಬಿಸಿ ಕಲ್ಲಿನ ಮೇಲೆ ಬೀಜ ಹಾಕಿ ಆ ಹೊಗೆಯಲ್ಲಿ ಕೂತು ಕೂಗಾಡುತ್ತಿದ್ದವರು ಕಪ್ಪುಸಮುದ್ರದಾಚೆಯ ಸಿಥಿಯನ್ನರು, ಹೆರೊಡೊಟಸ್ ಹೇಳುವ ಪ್ರಕಾರ, ರೋಮನ್ನರಲ್ಲ. ಅಮಲಿನ ಅಂಶ ಇರುವುದು ಹೆಣ್ಣು ಗಿಡದ ಹೂಗೊಂಚಲಿನ ಅಂಟಿನಲ್ಲಿ, ಅದರಲ್ಲೂ ಅದಕ್ಕೆಂದೇ ಆರಿಸಿ ಬೆಳೆಸಿದ ತಳಿಗಳಲ್ಲಿ. ದೀಪದ ಬೆಳಕಲ್ಲಿ ಕೂತು ಸುಲಿಯುತ್ತಿದ್ದ ಆಳುಗಳ ಕೈಗೆ ಬರುತ್ತಿದ್ದದ್ದು ಬೀಜ ಉದುರಿಸಿ ಒಣಗಿದ ಕಾಂಡ, ಅದರಲ್ಲಿ ಅಮಲಿಗೆ ಏನೂ ಉಳಿದಿರುವುದಿಲ್ಲ.